ಆ ಹುಡುಗಿಯ ಅಪ್ಪ ಕುಡುಕನಲ್ಲ

ಮಹಿಳೆಯರ ಹಾಗೂ ಹೆಣ್ಣುಮಕ್ಕಳ ನೆರವು ನಿಧಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ನಿಧಿಯ ಈ ಸಲದ ವಾರ್ಷಿಕ ಸಮಾರಂಭದಲ್ಲಿ, ತುಂಬಿದ ಸಭೆಯ ಎದುರು, ಧ್ವನಿವರ್ಧಕದಲ್ಲಿ, ಒಬ್ಬ ಮನುಷ್ಯನನ್ನು ಕುಡುಕನೆಂದು ಸಾರಲಾಯಿತು. ಆತ ಕುಡುಕನಲ್ಲ. ಆ ಮಾತು ಹೊರಬಿದ್ದಾಗ ಆತ ಮೂರನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳಿಗೆ ಚಪ್ಪಾಳೆ ತಟ್ಟಲೆಂದು ಎರಡೂ ಕೈ ಸಿದ್ಧವಾಗಿಟ್ಟುಕೊಂಡು ಕೂತಿದ್ದ. ನೀವು ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿದ್ದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಆ ಕಣ್ಣೀರು ನಾಟಕವೆಂದು ನಾನು ಹೇಳುವುದಿಲ್ಲ. ಅದು ಯಾರಿಗಾಗಿ ಬಂತು ಎಂಬುದಷ್ಟೇ ನನ್ನ ತಕರಾರು. ಏಕೆಂದರೆ ನೀವು ಅತ್ತದ್ದು ಯಾವ ಹುಡುಗಿಗಾಗಿಯೋ, ಆ ಹುಡುಗಿ ಆ ಸಭಾಂಗಣದಲ್ಲಿ ಇರಲೇ ಇಲ್ಲ.

ಇದನ್ನು ಹೇಳುವುದಕ್ಕೆಂದೇ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ. ದಿನವಿಡೀ ನಿಂತು ಕೂದಲು ಕತ್ತರಿಸುವವಳ ಮಂಡಿಗಳಿಗೆ ಮೆಟ್ಟಿಲೆಂದರೆ ಅಷ್ಟಕ್ಕಷ್ಟೇ. ಆದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ನನ್ನಲ್ಲಿ ಉಳಿದಿರುವುದು ಆಯಾಸ.

ಬಸ್ ನಿಲ್ದಾಣದ ಹಿಂಬದಿಯ ಬೀದಿಯಲ್ಲಿ, ಕೀಲಿಕೈ ಮಾಡುವವನ ಗೂಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಇರುವ ಸಲೂನು ನನ್ನದು. ಗಂಡಸರು, ಹೆಂಗಸರು, ಮಕ್ಕಳು, ಒಟ್ಟಿನಲ್ಲಿ ತಲೆ ಇರುವವರೆಲ್ಲ ಬರುತ್ತಾರೆ. ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಕಲಿಸುತ್ತೇನೆ. ಆ ಕೋಣೆಯ ಕುರ್ಚಿಗಳು, ಗೋಡೆಯುದ್ದದ ಕನ್ನಡಿ, ತಲೆ ತೊಳೆಯುವ ತೊಟ್ಟಿ ಎಲ್ಲವೂ ನಿಮ್ಮ ನಿಧಿಯವು. ಕಲಿಯುವ ಹುಡುಗಿಯರಿಗೆ ತಿಂಗಳ ಕೈಖರ್ಚು ಕೊಡುವವರೂ ನೀವೇ. ಅದಿಲ್ಲದಿದ್ದರೆ ಅವರಲ್ಲಿ ಅರ್ಧಕ್ಕರ್ಧ ಜನ ಕತ್ತರಿ ಹಿಡಿಯಲು ಬರುವ ಮೊದಲೇ ಎಲ್ಲೋ ಪಾತ್ರೆ ತೊಳೆಯಲು ಸೇರಿಕೊಳ್ಳುತ್ತಿದ್ದರು. ಇದನ್ನು ಮುಚ್ಚಿಡುವಷ್ಟು ಕೃತಘ್ನಳಲ್ಲ ನಾನು. ನೀವು ಒಳ್ಳೆಯ ಕೆಲಸ ಮಾಡುತ್ತೀರಿ. ತೊಂದರೆ ಇರುವುದು ಇಲ್ಲಿ: ನಿಮ್ಮ ಒಳ್ಳೆಯ ಕೆಲಸ ಊರಿಗೆಲ್ಲ ಎದ್ದು ಕಾಣಬೇಕಾದರೆ, ಅದಕ್ಕೂ ಮೊದಲು ಯಾರಾದರೊಬ್ಬರು ಕೆಟ್ಟ ಕೆಲಸ ಮಾಡಿರಲೇಬೇಕು. ಯಾರೂ ಮಾಡಿರದಿದ್ದರೆ? ಅದಕ್ಕೂ ನಿಮ್ಮ ಕಚೇರಿಯಲ್ಲಿ ವ್ಯವಸ್ಥೆ ಇದೆಯೆಂದು ಈಗ ತಿಳಿಯಿತು.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳನ್ನು ನಾವು ಗಡಿಬಿಡಿ ಎಂದು ಕರೆಯುತ್ತೇವೆ. ಬಾಗಿಲು ತೆರೆಯುವ ಮುಂಚೆಯೇ ಒಳಗೆ ಬರುವವಳು, ಗಿರಾಕಿ ಕೂರುವ ಮುಂಚೆಯೇ ಹೆಗಲಿಗೆ ಬಟ್ಟೆ ಸುತ್ತುವವಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದ. ಮಕ್ಕಳ ಬಾಯಲ್ಲಿ ಆತ ವ್ಯಾನ್ ಮಾಮ. ಮಕ್ಕಳನ್ನೆಲ್ಲ ಶಾಲೆಯಲ್ಲಿ ಇಳಿಸಿ, ಖಾಲಿ ವ್ಯಾನಿನಲ್ಲಿ ಮಗಳನ್ನು ನನ್ನ ಅಂಗಡಿಗೆ ಬಿಟ್ಟು ಹೋಗುತ್ತಿದ್ದ. ಹಾಗೆ ಬಂದಾಗಲೆಲ್ಲ ಸೀಟುಗಳ ಕೆಳಗೆ ಬಗ್ಗಿ ಯಾರದೋ ನೀರಿನ ಬಾಟಲಿ, ಯಾರದೋ ಒಂಟಿ ಕಾಲುಚೀಲ ಹೆಕ್ಕುತ್ತಿರುತ್ತಿದ್ದ. ಹೆಚ್ಚು ಮಾತಿನವನಲ್ಲ. "ಹೆಂಗ್ ಕಲೀತಿದಾಳಕ್ಕ?" ಎಂದು ಕೇಳುತ್ತಿದ್ದ. "ಚೆನ್ನಾಗಿ ಕಲೀತಿದಾಳೆ, ಸ್ವಲ್ಪ ನಿಧಾನ ಅನ್ನೋದನ್ನ ಕಲಿಸ್ಬೇಕು ಅಷ್ಟೆ" ಎಂದರೆ, "ಅದು ನನ್ ಕೈಲೂ ಆಗ್ಲಿಲ್ಲ ಬಿಡಿ" ಎಂದು ನಗುತ್ತಾ ಹೊರಡುತ್ತಿದ್ದ. ಈ ಮನೆಯ ಕಷ್ಟ ಏನು ಎಂದು ನೀವು ಕೇಳಬಹುದು. ಇಬ್ಬರು ದುಡಿದರೂ ತಿಂಗಳ ಕೊನೆಯಲ್ಲಿ ಕೈ ಬರಿದಾಗುವುದು, ಅಷ್ಟೆ. ಹೊಡೆತವಿಲ್ಲ, ಬಡಿತವಿಲ್ಲ, ಯಾರೂ ಯಾರನ್ನೂ ಬಿಟ್ಟು ಓಡಿಹೋಗಿಲ್ಲ. ನೋಡಲು ಬಹಳ ಸಪ್ಪೆಯಾದ ಬಡತನ.

ಈ ಸಪ್ಪೆತನವೇ ನಿಮ್ಮ ಕಾರ್ಯಕ್ರಮ ಸಂಯೋಜಕಿಗೆ ತಲೆನೋವಾಯಿತೆಂದು ಕಾಣುತ್ತದೆ. ಸಮಾರಂಭಕ್ಕೆ ಮುಂಚೆ ಆಕೆ ನಮ್ಮಲ್ಲಿಗೆ ಬಂದು, ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಗಡಿಬಿಡಿಯನ್ನು ಮಾತಾಡಿಸಿದರು. ನಾನು ಅಲ್ಲೇ ಒಬ್ಬ ಗಿರಾಕಿಯ ಕೂದಲಿಗೆ ಬಣ್ಣ ಹಚ್ಚುತ್ತಿದ್ದೆ.

"ಮನೇಲಿ ತೊಂದ್ರೆ ಇದೆಯಾಮ್ಮಾ?"

"ನಲ್ಲೀಲಿ ನೀರು ಸರಿಯಾಗ್ ಬರಲ್ಲ."

"ಅದಲ್ಲಮ್ಮ. ಅಪ್ಪ ಕುಡೀತಾರಾ?"

"ಕುಡೀತಾರೆ."

ಸಂಯೋಜಕಿ ಮುಂದಕ್ಕೆ ಬಾಗಿದರು. "ದಿನಾನಾ?"

"ಹ್ಞೂಂ, ದಿನಾ. ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಸಕ್ಕರೆ ಮಾತ್ರ ಜಾಸ್ತಿ, ಅಮ್ಮ ಬೈತಾಳೆ."

ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಗಿರಾಕಿ ಗೊಳ್ಳೆಂದು ನಕ್ಕಳು. ನಾನೂ ನಕ್ಕೆ. ಸಂಯೋಜಕಿಯೂ ನಕ್ಕರು, ಹುಡುಗಿ ಟೀ ವಿಷಯ ಹೇಳುತ್ತಿದ್ದಾಳೆಂದು ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಆದರೆ ಕಚೇರಿಗೆ ಹೋಗುವ ದಾರಿಯಲ್ಲಿ ಟೀ ಎಲ್ಲೋ ಚೆಲ್ಲಿ, ಕುಡಿಯುವುದು ಮಾತ್ರ ಉಳಿಯಿತು.

ಗಡಿಬಿಡಿ ಸಮಾರಂಭಕ್ಕೆಂದು ಒಂದು ಪುಟ್ಟ ಭಾಷಣ ಸಿದ್ಧ ಮಾಡಿದ್ದಳು. ಔಷಧಿ ಅಂಗಡಿಯ ಮಹಡಿಯ ಮೇಲೆ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದಾರೆ. ಅವರಿಗೆ ತಲೆ ಎತ್ತಲಾಗುವುದಿಲ್ಲ. ದಿಂಬಿನ ಮೇಲೆಯೇ, ಒಂದು ಪಕ್ಕಕ್ಕೆ ಹೊರಳಿಸಿ, ಮತ್ತೊಂದು ಪಕ್ಕಕ್ಕೆ ಹೊರಳಿಸಿ, ಅವರ ಕೂದಲು ಕತ್ತರಿಸಿದ್ದು ಇವಳ ಮೊದಲ ಸ್ವಂತ ಕೆಲಸ. ಆಮೇಲೆ ಅಜ್ಜಿ ಕೈಗನ್ನಡಿ ಕೇಳಿ ನೋಡಿಕೊಂಡು, "ಪರ್ವಾಗಿಲ್ವೇ, ಇನ್ನೂ ಇದೀನಿ ನಾನು" ಎಂದರಂತೆ. ಅದನ್ನೇ ಹೇಳಬೇಕೆಂದು ಇವಳು ಕನ್ನಡಿಯ ಎದುರು ಅಭ್ಯಾಸ ಮಾಡಿದ್ದೇ ಮಾಡಿದ್ದು. ಸಭಾಂಗಣದ ಬಾಗಿಲಲ್ಲೇ ಸಂಯೋಜಕಿ ತಡೆದರು. "ಟೈಮಿಲ್ಲಮ್ಮ. ನಿನ್ ಬಗ್ಗೆ ನಾವೇ ಹೇಳ್ತೀವಿ. ನೀನು ಕಡೇಲಿ ಧನ್ಯವಾದ ಅಂದ್ರೆ ಸಾಕು."

ಮುಂದಿನದು ನಿಮಗೆ ಗೊತ್ತು, ನೀವು ಅಲ್ಲೇ ಇದ್ದಿರಿ. ದೀಪಗಳನ್ನು ಮಂಕಾಗಿಸಿದರು. ಹಿನ್ನೆಲೆಯಲ್ಲಿ ಪಿಟೀಲು ಶುರುವಾಯಿತು. ಗಡಿಬಿಡಿಯ ಮುಖ ದೊಡ್ಡ ಪರದೆಯ ಮೇಲೆ ಮೂಡಿತು. ನಿರೂಪಕಿ ಜೇನಿನಂಥ ದನಿಯಲ್ಲಿ ಅವಳ ಹೆಸರು ಹೇಳಿ, ಕುಡುಕ ತಂದೆಯ ಹೊಡೆತದಲ್ಲಿ ಬೆಳೆದ ಮಗು ಎಂದರು, ಹಸಿದು ಮಲಗಿದ ರಾತ್ರಿಗಳು ಎಂದರು, ಆ ನರಕದಿಂದ ಕೈಹಿಡಿದು ಎತ್ತಿದ ನಿಧಿ ಎಂದರು. ನಮ್ಮ ಬೀದಿಯಿಂದ ಬಂದಿದ್ದವರೆಲ್ಲ ಒಬ್ಬೊಬ್ಬರಾಗಿ ಮೂರನೆಯ ಸಾಲಿನ ಕಡೆಗೆ ತಿರುಗಿದರು. ಆತ ಮೊದಲು ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಬೇರೆ ಯಾರದೋ ಮಾತೆಂದು ತಿಳಿದಿದ್ದ ಪಾಪ. ಆಮೇಲೆ ಅರ್ಥವಾಯಿತು. ಎದ್ದು ಹೋಗಲಿಲ್ಲ, ಎದ್ದರೆ ಹೌದೆಂದಂತಾಗುತ್ತದಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಾನು ವೇದಿಕೆಯ ಪಕ್ಕಕ್ಕೆ ಧಾವಿಸಿ, ಇದು ಸುಳ್ಳು, ನಿಲ್ಲಿಸಿ ಎಂದೆ. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಸ್ವಯಂಸೇವಕಿ, "ಮೇಡಂ ಪ್ಲೀಸ್, ಎಮೋಷನಲ್ ಭಾಗ ನಡೀತಿದೆ" ಎಂದಳು. ಅಷ್ಟರಲ್ಲಿ ಮೈಕು ಹುಡುಗಿಯ ಬಾಯಿಯ ಮುಂದಿತ್ತು. ಅವಳು ಸುತ್ತ ನೋಡಿದಳು, ಬಾಯಿ ತೆರೆದಳು, ಹೇಳಿಕೊಟ್ಟಿದ್ದ ಒಂದೇ ಪದ ಹೊರಬಂತು. ಧನ್ಯವಾದ. ಚಪ್ಪಾಳೆಯೋ ಚಪ್ಪಾಳೆ.

ಆ ದಿನ ಅವಳು ಮನೆಗೆ ಹೋಗಲು ಒಪ್ಪಲಿಲ್ಲ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, "ನಾನ್ಯಾಕಕ್ಕ ಧನ್ಯವಾದ ಅಂದೆ? ಇಲ್ಲ ಅನ್ಬಹುದಿತ್ತಲ್ಲ, ಇಲ್ಲ ಅನ್ನಕ್ಕೆ ಎಷ್ಟೊತ್ತಾಗ್ತಿತ್ತು?" ಎಂದು ಅದನ್ನೇ ಕೇಳುತ್ತಿದ್ದಳು. ಅವಳ ಅಪ್ಪನೇ ಬಂದು ಕರೆದ. "ಏಳು, ಅಮ್ಮ ಕಾಯ್ತಿದಾಳೆ. ನೀನೇನ್ ಹೇಳಿದ್ಯಾ? ಯಾರೋ ಬರ್ದಿದ್ದನ್ನ ಯಾರೋ ಓದಿದ್ರು. ನಾಳೆಗೆ ಯಾರ್ ನೆನಪಿಟ್ಕೋತಾರೆ?"

ನೆನಪಿಟ್ಟುಕೊಳ್ಳುವ ಏರ್ಪಾಡನ್ನು ನೀವು ಮಾಡಿದ್ದಿರಿ. ಆ ಸಮಾರಂಭದ ವಿಡಿಯೋ ನಿಮ್ಮ ಜಾಲತಾಣದ ಪುಟದಲ್ಲಿ ಬಂತು. ಅಲ್ಲಿಂದ ಫೋನಿಗೆ, ಫೋನಿನಿಂದ ಫೋನಿಗೆ, ಕಡೆಗೆ ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವ ತಾಯ್ತಂದೆಯರ ಫೋನಿಗೂ. ಅವರನ್ನು ನಾನು ದೂರುವುದಿಲ್ಲ. ಕುಡಿದು ಮಗಳನ್ನು ಹೊಡೆಯುತ್ತಾನೆಂದು ದೊಡ್ಡ ಸಂಸ್ಥೆಯೊಂದು ಸಾರಿರುವ ಮನುಷ್ಯನ ಕೈಗೆ ಮಕ್ಕಳನ್ನು ಒಪ್ಪಿಸಿ ಎಂದರೆ ನಾನೂ ಒಪ್ಪುತ್ತಿರಲಿಲ್ಲ, ನೀವೂ ಒಪ್ಪುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಆತನನ್ನು ಕರೆದು ಕೂರಿಸಿ, "ನೀವು ಕುಡಿಯಲ್ಲ ಅಂತ ನಂಗೊತ್ತಪ್ಪ. ಆದ್ರೆ ದಿನಾ ಗೇಟಲ್ಲಿ ನಿಂತು ಎಷ್ಟು ಜನಕ್ಕೆ ಅಂತ ಹೇಳ್ಲಿ?" ಎಂದರಂತೆ. ಆತ ವ್ಯಾನಿನ ಕೀಲಿ ಮೇಜಿನ ಮೇಲಿಟ್ಟು ಬಂದ. ಈಗ ಒಂದು ಗೋದಾಮಿನಲ್ಲಿ ಮೂಟೆ ಇಳಿಸುತ್ತಾನೆ. ಆ ವಯಸ್ಸಿಗೆ ಹೊಸದಾಗಿ ಕಲಿಯುವ ಕೆಲಸವಲ್ಲ ಅದು. ಕೂತು ಮಾಡುವ ಕೆಲಸದ ಬೆನ್ನು ಆತನದು.

ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ. ಪ್ರವಾಸದಲ್ಲಿದ್ದಿರಿ. ಸಂಯೋಜಕಿ ಸಿಕ್ಕರು.

"ನಾವು ಅವ್ರ ಹೆಸ್ರು ಎಲ್ಲೂ ಹೇಳಿಲ್ವಲ್ಲ ಮೇಡಂ."

"ಮಗಳ ಹೆಸ್ರು ಹೇಳಿದ್ರಿ, ಮುಖ ತೋರ್ಸಿದ್ರಿ. ಅವಳಿಗೆ ಎಷ್ಟು ಜನ ಅಪ್ಪಂದಿರು ಅಂದ್ಕೊಂಡಿದೀರಿ?"

"ಬೇಜಾರ್ ಮಾಡ್ಕೋಬೇಡಿ. ದಾನಿಗಳ ಮನಸ್ಸು ಮುಟ್ಬೇಕಂದ್ರೆ ಒಂದು ಕಥೆ ಬೇಕಾಗುತ್ತೆ. ಸಾಮಾನ್ಯವಾಗಿ ಇಂಥ ಮನೆಗಳಲ್ಲಿ ಹಂಗೇ ಇರುತ್ತಲ್ವಾ?" ಆಮೇಲೆ ನಿಜವಾದ ಕನಿಕರದಿಂದಲೇ ಒಂದು ಮಾತು ಸೇರಿಸಿದರು: "ಅಪ್ಪಂಗೆ ಕೆಲ್ಸ ಹೋಗಿದೆ ಅಂದ್ರಲ್ಲ, ಸಂಕಷ್ಟದ ಕುಟುಂಬಗಳಿಗೆ ಅಂತ ನಮ್ದೇ ಬೇರೆ ನೆರವಿದೆ. ಈಗ ಅವ್ರು ಅದಕ್ಕೆ ಸರಿಯಾಗ್ ಹೊಂದ್ತಾರೆ. ಅರ್ಜಿ ಹಾಕ್ಸಿ."

ಮಾನ್ಯರೇ, ಮನೆಗೆ ಬೆಂಕಿ ಇಟ್ಟವರೇ ಕೊಡದಲ್ಲಿ ನೀರು ಹಿಡಿದು ಬಂದು ಬಾಗಿಲು ತಟ್ಟಿದರೆ ಏನು ಹೇಳಬೇಕು? ಮೆಟ್ಟಿಲಿಳಿದು ಬಂದೆ.

ಬಂದ ಮೇಲೆ ಯೋಚಿಸುತ್ತಲೇ ಇದ್ದೇನೆ. ಒಳ್ಳೆಯ ಅಪ್ಪನಿರುವ ಹುಡುಗಿ ನೆರವಿಗೆ ಅರ್ಹಳಲ್ಲವೇ? ಕೆಲಸ ಕಲಿಯಬೇಕೆಂಬ ಆಸೆಯೊಂದೇ ಸಾಲದೇ, ಜೊತೆಗೆ ಬರೆಯನ್ನೂ ತೋರಿಸಬೇಕೇ? ಹೌದು, "ಸಾಮಾನ್ಯವಾಗಿ ಹಂಗೇ" ಇರುವ ಮನೆಗಳಿಂದಲೂ ನನ್ನ ಬಳಿ ಹುಡುಗಿಯರು ಬರುತ್ತಾರೆ. ಅವರ ಕುತ್ತಿಗೆಯ ಕಲೆಗಳನ್ನು ತಲೆ ತೊಳೆಯುವಾಗ ನಾನು ಕಂಡಿದ್ದೇನೆ. ಅವರು ಅದನ್ನು ಪರದೆಯ ಮೇಲೆ ನೋಡಲು ಬಯಸುತ್ತಾರೆಂದು ನಿಮಗೆ ಹೇಳಿದವರು ಯಾರು? ನಿಜವಾದ ನೋವಿಗೆ ಪಿಟೀಲು ಬಾರಿಸುವುದೂ ಸುಳ್ಳು ನೋವಿಗೆ ಬಾರಿಸುವಷ್ಟೇ ಹೇಸಿಗೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೆಲ ಗುಡಿಸುತ್ತಾ ನನ್ನನ್ನು ಕೇಳಿದಳು: "ಅಕ್ಕ, ನಮ್ಮಪ್ಪ ಸತ್ತೋಗಿದಾನೆ ಅಂತ ಹೇಳ್ಲಾ? ಆಗ ಕೈಖರ್ಚು ಬೇಗ ಬರುತ್ತಾ?" ಅವಳಪ್ಪ ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಅವಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದಾನೆ. ನಿಮ್ಮ ನಿಧಿ ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿರುವ ಕೌಶಲಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಗಡಿಬಿಡಿ ಕೆಲಸಕ್ಕೆ ಬರುತ್ತಿದ್ದಾಳೆ. ಬೇರೆ ದಾರಿಯಿಲ್ಲವಲ್ಲ. ಬಸ್ಸಿನಲ್ಲಿ ಬರುತ್ತಾಳೆ. ಕೆಲಸದಲ್ಲಿ ತಪ್ಪಿಲ್ಲ, ಆದರೆ ಗಿರಾಕಿಗಳು ಮಾತಿಗೆಳೆದರೆ ಉತ್ತರಿಸುವ ಮುಂಚೆ ತಡೆದು ಯೋಚಿಸುತ್ತಾಳೆ. ತಾನು ಹೇಳುವ ಯಾವ ಮಾತು ಎಲ್ಲಿ ಹೋಗಿ ಏನಾಗುತ್ತದೋ ಎಂಬ ಹಿಂಜರಿಕೆ. ಕೆಲವರು ಕೂದಲು ಕತ್ತರಿಸಿಕೊಂಡು ಏಳುವಾಗ ಅವಳ ಗಲ್ಲ ಸವರಿ, "ಧೈರ್ಯವಾಗಿರು ಮಗಳೇ" ಎನ್ನುತ್ತಾರೆ. ಅವಳಿಗೆ ಉಗುಳುವಂತಾಗುತ್ತದೆ. ಮುಗುಳ್ನಗುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ. ಕುರ್ಚಿ ಕನ್ನಡಿಗಳನ್ನು ಹಿಂದಿರುಗಿಸುತ್ತೇನೆಂಬ ಶೌರ್ಯವೇನೂ ನನ್ನಲ್ಲಿಲ್ಲ. ಅವು ಯಾವ ತಪ್ಪನ್ನೂ ಮಾಡಿಲ್ಲ, ಹುಡುಗಿಯರಿಗೆ ಬೇಕು. ವಿಡಿಯೋ ತೆಗೆಯಿರಿ. ಅದು ಸುಲಭದ್ದು. ಆಮೇಲೆ ಒಂದು ದಿನ ಬೆಳಿಗ್ಗೆ, ತಾಯ್ತಂದೆಯರು ಮಕ್ಕಳನ್ನು ಬಿಡುವ ಹೊತ್ತಿಗೆ, ಆ ಶಾಲೆಯ ಗೇಟಿನ ಬಳಿ ನೀವೇ ಬಂದು ನಿಲ್ಲಿ. ಸಂಯೋಜಕಿಯನ್ನು ಕಳಿಸಬೇಡಿ. ಬಂದವರಿಗೆಲ್ಲ ನಿಮ್ಮ ಬಾಯಿಂದಲೇ ಹೇಳಿ: ನಾವು ಹೇಳಿದ್ದು ಸುಳ್ಳು, ಆ ಮನುಷ್ಯ ಕುಡಿಯುವುದಿಲ್ಲ, ಯಾರನ್ನೂ ಹೊಡೆದಿಲ್ಲ. ಮುಖ್ಯೋಪಾಧ್ಯಾಯಿನಿ ವ್ಯಾನಿಗೆ ಇನ್ನೂ ಕಾಯಂ ಚಾಲಕನನ್ನು ನೇಮಿಸಿಕೊಂಡಿಲ್ಲ, ನಾನು ವಿಚಾರಿಸಿದ್ದೇನೆ. ಮುಂದಿನ ಸಮಾರಂಭದಲ್ಲಿ ವೇದಿಕೆ ಹತ್ತುವ ಹುಡುಗಿಯರು ತಮಗೆ ಬೇಕಾದ್ದನ್ನು ಹೇಳಲಿ, ಬೇಡವೆನಿಸಿದರೆ ಕೂತಲ್ಲೇ ಕೂತಿರಲಿ.

ಕೊನೆಯದಾಗಿ ಒಂದು ವಿಷಯ. ಈ ಪತ್ರ ಬರೆಯುತ್ತೇನೆಂದಾಗ ಗಡಿಬಿಡಿಯ ಅಪ್ಪ ಬೇಡವೆಂದ. ಗೋದಾಮಿನಿಂದ ನೇರ ಬಂದಿದ್ದ, ಕೂದಲೆಲ್ಲ ಧೂಳು. "ಬಿಡಕ್ಕ, ಬರೀಬೇಡಿ. ನೀವು ಬರೆದ್ರೆ ಅವ್ರು ಸಿಟ್ಟಾಗಿ ದುಡ್ಡು ನಿಲ್ಸಿಬಿಟ್ರೆ? ಬೇರೆ ಹುಡ್ಗೀರು ಏನ್ ಮಾಡ್ಬೇಕು? ನಂದೇನು, ಹೆಂಗೋ ಆಗುತ್ತೆ." ನಿಮ್ಮ ನಿರೂಪಕಿ ನರಕ ಎಂದದ್ದು ಈ ಮನುಷ್ಯನ ಮನೆಯನ್ನು. ನಿಮ್ಮ ನಿಧಿಯ ಬಗ್ಗೆ ಇಷ್ಟು ಕಾಳಜಿಯಿಂದ ಮಾತಾಡಿದ ದಾನಿ ಯಾರಾದರೂ ನಿಮಗೆ ಸಿಕ್ಕಿದ್ದಾರೆಯೇ, ಯೋಚಿಸಿ ನೋಡಿ. ಅವನ ಮಾತು ಮೀರಿ ಇದನ್ನು ಬರೆದಿದ್ದೇನೆ. ಅವನ ಭಯ ನಿಜವಾಗದಿರುವಂತೆ ನೋಡಿಕೊಳ್ಳುವುದು ನಿಮಗೆ ಬಿಟ್ಟದ್ದು.

ಇಂತಿ,
ಬಣ್ಣ ಹಚ್ಚುವುದು ತಲೆಗೂದಲಿಗೆ ಮಾತ್ರ ಎಂದು ಇಷ್ಟು ವರ್ಷ ನಂಬಿಕೊಂಡಿದ್ದ,
ಬಸ್ ನಿಲ್ದಾಣದ ಹಿಂಬದಿಯ ಸಲೂನಿನವಳು