ಮೂರನೆಯ ಸಂಪುಟದ ‘ಹೂಂ’

ಗೂಬೆ,

ಮದುವೆಯಾಗಿ ಇಪ್ಪತ್ತಾರು ದಿನ! ನನ್ನ ಗಂಡ ಎಷ್ಟು ಒಳ್ಳೆಯವನೆಂದರೆ, ದಿನಾ ಕಾಫಿಯನ್ನು ಹಾಸಿಗೆಗೇ ತಂದುಕೊಡುತ್ತಾನೆ ಕಣೇ.

ಇವತ್ತು ಬೆಳಿಗ್ಗೆ ಫೋನಿನಲ್ಲಿ ನಮ್ಮ ‘ಮಹಾಕಥೆ’ ಕಾದಂಬರಿ ಸರಣಿಯ ಅಭಿಮಾನಿಗಳ ಗುಂಪಿನಲ್ಲಿ ಮಾಂತ್ರಿಕನ ಬಾಲ್ಯದ ಬಗ್ಗೆ ವಾದ ಮಾಡುತ್ತಾ ಕೂತಿದ್ದೆ. ನನ್ನ ಗಂಡ ಪಕ್ಕಕ್ಕೆ ಬಂದು, “ಹುಟ್ಟೇ ಇಲ್ಲದವನಿಗೆ ಕುಲಾವಿ ಹೊಲೀತಾ ಕೂತಿದ್ದೀಯಲ್ಲೇ!” ಎಂದ. ನನಗೆ ನಗು ತಡೆಯಲಾಗಲಿಲ್ಲ. “ಇನ್ನು ಇದೆಲ್ಲ ಯಾಕೆ? ನಾನಿದ್ದೀನಲ್ಲ. ಬಿಟ್ಟುಬಿಡೋಣ್ವಾ?” ಎಂದು ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡ. “ಹೂಂ” ಅಂದೆ. ಖುಷಿಯಿಂದಲೇ ಅಂದೆ ಕಣೇ. ಗುಂಪಿನಿಂದ ಹೊರಬರುವ ಗುಂಡಿಯನ್ನು ಅವನೇ ಒತ್ತಿದ. ಒಂಬತ್ತು ವರ್ಷದ ಗುಂಪು ಒಂದು ಬೆರಳಿಗೆ ಮುಗಿಯಿತು. ಆಮೇಲೆ ಹಣೆಗೊಂದು ಮುತ್ತು ಕೊಟ್ಟ.

ಮೂರನೆಯ ಸಂಪುಟದಲ್ಲಿ ರಾಣಿ ತನ್ನ ಮದುವೆಯ ಮಾತಿಗೆ ಬರೀ “ಹೂಂ” ಎಂದದ್ದಕ್ಕೆ ನಾವು ಕಿತ್ತಾಡಿದ್ದು ನೆನಪಿದೆಯಾ? ಅದು ಪ್ರೀತಿ ಎಂದು ನನ್ನ ಹಟ. “ಕಥೆ ಕೇಳೋರೂ ಹೂಂಗುಟ್ತಾರೆ. ಅದೇನು ಒಪ್ಪಿಗೆನಾ?” ಎಂದು ನೀನು ಕೇಳಿದ್ದೆ. “ಪ್ರೀತಿ ಮಾಡಿ ಗೊತ್ತಿಲ್ಲದವಳಿಗೆ ಇದೆಲ್ಲ ಅರ್ಥ ಆಗಲ್ಲ ಬಿಡು” ಎಂದು ನಾನು ಎಲ್ಲರೆದುರೇ ಬರೆದೆ. ನೀನು ಉದ್ದನೆಯ ಉತ್ತರವೊಂದನ್ನು ಅಲ್ಲೇ ಬರೆದಿಟ್ಟು ಗುಂಪು ಬಿಟ್ಟು ಹೋದೆ. ನಿನ್ನ ನಂಬರೂ ಬದಲಾಯಿತು.

ಆಗ ಆ ಉತ್ತರದ ಮೊದಲ ಸಾಲಷ್ಟೇ ಓದಿ ನಕ್ಕಿದ್ದೆ. ಇವತ್ತು ಅವನು ಸ್ನಾನಕ್ಕೆ ಹೋದಾಗ, ರಾಣಿಯ ಬಗ್ಗೆ ನೀನು ಇನ್ನೇನು ಬರೆದಿದ್ದೆ ಎಂದು ಪೂರ್ತಿ ಓದಬೇಕೆನಿಸಿ ಫೋನಿನಲ್ಲಿ ಗುಂಪನ್ನು ಹುಡುಕಿ ತೆರೆದೆ.

‘ಸದಸ್ಯರಿಗೆ ಮಾತ್ರ’ ಎಂದು ಬಂತು.