ರಹ್ಮಾಳ ಕಿವಿಯ ಮೇಲಿನ ಜಾಗ

ಪ್ರೀತಿಯ ಮಾವ್ಶಿ,

ಎರಡು ವಾರದ ಹಿಂದೆ ಒಂದು ಮಧ್ಯಾಹ್ನ, ಒಂದರಿಂದ ನಾಲ್ಕರವರೆಗೆ ಪಾರ್ಲರ್ ಮುಚ್ಚಿರುತ್ತದಲ್ಲ, ಆ ಹೊತ್ತಿನಲ್ಲಿ ಸೋಫಾದ ಮೇಲೆ ಸ್ವಲ್ಪ ಕಣ್ಣು ಮುಚ್ಚಿದ್ದೆ. ಕನಸಿನಲ್ಲಿ ಯಾರದೋ ತಲೆಗೆ ಕೂದಲು ಹೊಲಿಯುತ್ತಿದ್ದೆ. ಕೊನೆಯ ಗಂಟು ಹಾಕಿ ದಾರ ಎಳೆದೆ. ಎಳೆದಷ್ಟೂ ದಾರ ಬಂತು. ದಾರದ ಜೊತೆ ಹೊಲಿದ ಕೂದಲು ಬಂತು, ಆಮೇಲೆ ಅವಳ ಸ್ವಂತ ಕೂದಲೂ ಬಂತು, ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ, ಸದ್ದೇ ಇಲ್ಲದೆ. ಅವಳು ತಿರುಗಲಿಲ್ಲ. "ಆಯ್ತಾ?" ಎಂದು ಕೇಳಿದಳು ಅಷ್ಟೇ. ಎಚ್ಚರವಾದಾಗ ಎ.ಸಿ. ಓಡುತ್ತಿದ್ದರೂ ನನ್ನ ಕುತ್ತಿಗೆ ಒದ್ದೆಯಾಗಿತ್ತು. ನೀವಿದ್ದಿದ್ದರೆ ಹೇಳುತ್ತಿದ್ದಿರಿ: "ನಿನ್ನ ಹೆದರಿಕೆಗೆ ಬೇರೆಯೇ ಸಂಬಳ ಕೊಡಬೇಕು ಮಾರಾಯ್ತಿ, ನಿನಗಿಂತ ಜಾಸ್ತಿ ಕೆಲಸ ಮಾಡ್ತದೆ ಅದು."

ಕನಸಿಗೆ ಕಾರಣ ಪಾರ್ಲರಿನ ಬುಕಿಂಗ್ ಪುಸ್ತಕದಲ್ಲಿತ್ತು. ನಾಲ್ಕು ಗಂಟೆಗೆ ಬರುವವಳ ಹೆಸರನ್ನು ಬೆಳಗ್ಗೆಯೇ ಓದಿದ್ದೆ: ರಹ್ಮಾ. ನೀವು ತೀರಿಹೋಗಿ ಎರಡು ವರ್ಷವಾಯಿತು. ಕಾಲು ಊದಿ ಮಂಚ ಬಿಟ್ಟು ಏಳಲಾಗದಿದ್ದ ದಿನಗಳಲ್ಲೂ ಊರಿನಿಂದ, ಶಿರ್ವದ ಮನೆಯಿಂದ ಫೋನ್ ಮಾಡಿ, ಇಡುವ ಮೊದಲು ಅದನ್ನೇ ಕೇಳುತ್ತಿದ್ದಿರಿ. "ಜೆಸ್ಸಿ, ರಹ್ಮಾ ಅಂತ ಯಾರಾದರೂ ಬಂದಿದ್ರಾ?" ನಾನು ನಗುತ್ತಿದ್ದೆ. ಒಮಾನಿನಲ್ಲಿ ರಹ್ಮಾ ಎಂದು ಕರೆದರೆ ನಮ್ಮ ಇಗರ್ಜಿಯಲ್ಲಿ ಮೇರಿ ಎಂದು ಕರೆದ ಹಾಗೆ, ಹತ್ತು ಜನ ತಿರುಗಿ ನೋಡುತ್ತಾರೆ. ಆಗ ನಗಬಾರದಿತ್ತು ಅಂತ ಈಗ ಅನಿಸುತ್ತದೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನವರೆಗೆ ಕಲಿತ ಕನ್ನಡ ಬಿಟ್ಟರೆ ಬೇರೆ ಯಾವುದರಲ್ಲೂ ನನಗೆ ಬರೆಯಲು ಕೈ ಓಡುವುದಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನಾನು ಊರಿನಿಂದ ಬಂದ ಮೊದಲ ವಾರ ನೀವು ಮೊದಲು ಕೆಲಸ ಮಾಡಿದ ಸುವೈಕ್ ಊರಿನ ಕಥೆ ಹೇಳಿದ್ದು ಇನ್ನೂ ಹಾಗೇ ಇದೆ. ಕೂದಲು ನೇರ ಮಾಡುವ ಕ್ರೀಮಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇದರ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚು ಇಡಬೇಡ ಎಂದಿರಿ. ಸುವೈಕಿನ ಪಾರ್ಲರಿಗೆ ಬಂದ ಆ ಕಾಲೇಜು ಹುಡುಗಿ ರಹ್ಮಾ, ಅಕ್ಕನ ಮದುವೆಗೆ ಕೂದಲು ನೇರ ಆಗಬೇಕು ಎಂದವಳು. ಅಜ್ಜಿಯ ಕಾಲದಲ್ಲಿ ಜಂಜಿಬಾರಿನಿಂದ ಬಂದ ಮನೆತನ, ಸಣ್ಣ ಸಣ್ಣ ಸುರುಳಿಯ ದಟ್ಟ ಕೂದಲು. ತಂತಿಯ ಹಾಗೆ ಗಟ್ಟಿ ಇದೆ, ಇನ್ನೂ ಹತ್ತು ನಿಮಿಷ ಇರಲಿ ಎಂದು ನೀವು ಬಿಟ್ಟಿರಿ. ಉರಿಯುತ್ತಿದೆ ಎಂದಳು ಅವಳು. ಸ್ವಲ್ಪ ಸಬರ್ ಮಾಡು, ತಡೆದುಕೋ ಎಂದಿರಿ ನೀವು. ತೊಳೆದಾಗ ಕಿವಿಯ ಮೇಲಿನ ಕೂದಲು ಚರ್ಮದ ಜೊತೆಗೇ ಕೈಗೆ ಬಂತು. ಮನೆಯವರು ಗಾಡಿ ತಂದು ಕರೆದುಕೊಂಡು ಹೋದರು. ಯಾರೂ ದೂರು ಕೊಡಲಿಲ್ಲ, ಯಾರೂ ತಿರುಗಿ ಬರಲಿಲ್ಲ. ಬಂದು ಬೈದಿದ್ದರೆ ನಿದ್ದೆ ಬರುತ್ತಿತ್ತು ಎಂದಿರಿ. ಆಮೇಲೆ ಇಲ್ಲಿಗೆ, ಅಮೇರಾತಿನ ಈ ಪಾರ್ಲರಿಗೆ ಬಂದಿರಿ. ಅಂಥ ಕೂದಲಿನವರು ಬಾಗಿಲಿಗೆ ಬಂದರೆ "ಖಲಾಸ್, ಇಲ್ಲಿ ಆಗೋದಿಲ್ಲ" ಎಂದು ಕಳಿಸಿಬಿಡುತ್ತಿದ್ದಿರಿ. ಅವರ ಮುಖ ನೋಡದೆ ಹೇಳುತ್ತಿದ್ದಿರಿ. ನಾನು ಗಮನಿಸಿದ್ದೆ.

ನೀಮಾ ಬಂದ ದಿನ ನೀವು ಇರಬೇಕಿತ್ತು. ನೀವು ಊರಿಗೆ ಹೋಗಿ ಆರು ತಿಂಗಳಾಗಿತ್ತು, ಪಾರ್ಲರಿನ ಒಡತಿ ಮೇಡಂ ತಾಂಜಾನಿಯಾದಿಂದ ಇವಳನ್ನು ಕೆಲಸಕ್ಕೆ ಕರೆಸಿದರು. ನನ್ನದೇ ವಯಸ್ಸು, ನಗು ಮಾತ್ರ ನನ್ನ ಎರಡು ಪಾಲು. ಮೊದಲ ದಿನವೇ ಬಾಗಿಲಿಗೆ ಬಂದ ಒಬ್ಬಳನ್ನು ನಾನು ಅಭ್ಯಾಸದಿಂದ ಕಳಿಸಲು ಹೋದೆ. ನೀಮಾ ನನ್ನನ್ನು ಸರಿಸಿ ಅವಳನ್ನು ಕೂರಿಸಿದಳು. ಒದ್ದೆ ಮಾಡಿ, ಎಣ್ಣೆ ಹಾಕಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬುಡದ ಕಡೆಗೆ ಬಿಡಿಸುತ್ತಾ ಹೋದಳು. ನಾವು ಬುಡದಿಂದ ತುದಿಗೆ ಎಳೆಯುವವರಲ್ಲವಾ? ಆಮೇಲೆ ನನ್ನ ಬೆರಳು ಹಿಡಿದು ಒಂದು ಎಳೆಯ ಮೇಲೆ ಇಟ್ಟಳು. ಬುಡದಲ್ಲಿ ಹೊಸದಾಗಿ ಬೆಳೆದ ಸುರುಳಿ, ತುದಿಯಲ್ಲಿ ಹಿಂದೆ ಯಾವಾಗಲೋ ಕ್ರೀಮ್ ಹಾಕಿ ನೇರ ಮಾಡಿದ ಭಾಗ. ಒಂದೇ ಕೂದಲು, ಎರಡು ಜನ್ಮ. ಎರಡೂ ಸೇರುವ ಕಡೆ ಸ್ವಲ್ಪ ಎಳೆದರೂ ಮುರಿಯುತ್ತದೆ ಎಂದಳು. ಸುರುಳಿಯ ಒಂದೊಂದು ತಿರುವೂ ಮುರಿಯಬಹುದಾದ ಜಾಗವೇ ಅಂತೆ. ಮಾವ್ಶಿ, ನಾವು ತಂತಿ ಎಂದದ್ದು ಎಲ್ಲ ಕೂದಲಿಗಿಂತ ನಾಜೂಕು. ಇಷ್ಟು ವರ್ಷ ಇದೇ ಕೆಲಸದಲ್ಲಿದ್ದು ನಮಗೆ ಯಾಕೆ ಯಾರೂ ಹೇಳಲಿಲ್ಲ? ನಾವು ಯಾಕೆ ಮುಟ್ಟಿ ನೋಡಲಿಲ್ಲ?

ಅವಳು ಜಡೆ ಹಾಕುವುದನ್ನು ಮೊದಲ ಸಲ ನೋಡಿ ನಾನು ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತೆ. ನೆತ್ತಿಗೆ ಅಂಟಿದ ಹಾಗೆ, ಪೆನ್ಸಿಲಿನಷ್ಟು ಸಪೂರ ಜಡೆಗಳು, ಹಣೆಯಿಂದ ಹಿಂದಕ್ಕೆ ಸಾಲು ಸಾಲಾಗಿ. ಉಳಿದ ತುದಿಗಳನ್ನು ಮಡಚಿ ಹೊಲಿದು ತಲೆಯನ್ನು ಸಮ ಮಾಡಿದಳು. ಮೇಲೆ ತೆಳು ಬಲೆ. ಆಮೇಲೆ ಬಗ್ಗಿದ ಸೂಜಿ, ಕಪ್ಪು ದಾರ. ಪಟ್ಟಿಯಂತೆ ಬರುವ ಕೂದಲನ್ನು ಜಡೆಯ ಸಾಲಿಗೆ ಹೊಲಿಯಬೇಕು. ಸೂಜಿ ಜಡೆಯನ್ನು ಚುಚ್ಚಬಾರದು, ಅದರ ಕೆಳಗಿನಿಂದ ಸುತ್ತಿ ಬರಬೇಕು. ಮೂರು ತಾಸು ಕಳೆದು ಆ ಹೆಂಗಸು ಎದ್ದು ನಿಂತಾಗ ಕೂದಲು ಸೊಂಟದವರೆಗೆ ಇತ್ತು. ನಾನು ಅವಳ ಹಿಂದೆ ಸುತ್ತು ಹಾಕಿ ಹುಡುಕಿದೆ, ಎಲ್ಲಿ ಶುರುವಾಗಿದೆ ಎಂದೇ ಗೊತ್ತಾಗಲಿಲ್ಲ. ದೇವರು ಬೆಳೆಸುವುದಕ್ಕೆ ಐದಾರು ವರ್ಷ ತೆಗೆದುಕೊಳ್ಳುತ್ತಾನೆ, ಇವಳು ಒಂದು ಸಂಜೆ!

ನನಗೂ ಕಲಿಸು ಎಂದಾಗ ನೀಮಾ ಪ್ಲಾಸ್ಟಿಕ್ ತಲೆಯೊಂದನ್ನು ಕೊಟ್ಟಳು. ನನ್ನ ಬೆರಳು ಬೇಗ ಓಡಿತು. ಓಡದೆ ಏನು, ಶಾಲೆ ಬಿಟ್ಟ ಮೇಲೆ ಆರು ವರ್ಷ ನಿಮ್ಮ ಪಕ್ಕ ಕೂತು ಮಲ್ಲಿಗೆ ಕಟ್ಟಿದ ಬೆರಳಲ್ಲವಾ? ಒದ್ದೆ ಬಾಳೆ ನಾರು, ಎರಡು ಮೊಗ್ಗು, ಒಂದು ಸುತ್ತು, ಎಳೆ. ಸಡಿಲ ಕಟ್ಟಿದರೆ ಹೂವಿನವನ ಕೈಯಲ್ಲೇ ಉದುರುತ್ತದೆ ಎಂದು ನೀವು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದಿರಿ. ಅದೇ ಕೈ ಇಲ್ಲೂ ಬಂತು. ಒಂದು ವಾರದ ಮೇಲೆ ನೀಮಾ ತನ್ನ ತಲೆಯನ್ನೇ ಕೊಟ್ಟಳು, ನಾನು ಒಂದು ಸಾಲು ಹೊಲಿದೆ. ಅವಳ ಕಣ್ಣಲ್ಲಿ ನೀರು. ಹುಬ್ಬು ಮೇಲೆ ಎತ್ತಲು ನೋಡಿದಳು, ಆಗಲಿಲ್ಲ. "ಸಿಸ್ಟರ್, ಇದು ತಲೆ. ಓಡಿಹೋಗುವ ಮೇಕೆ ಅಲ್ಲ, ಕಟ್ಟಿಹಾಕಲಿಕ್ಕೆ" ಎಂದಳು. ಕನ್ನಡಿಯಲ್ಲಿ ತೋರಿಸಿದಳು: ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಹೀಗೆ ಬಿಟ್ಟರೆ ಅಂಚಿನ ಕೂದಲು ಹೋಗುತ್ತದೆ, ಹೋದದ್ದು ಎಷ್ಟೋ ಸಲ ತಿರುಗಿ ಬರುವುದೇ ಇಲ್ಲ ಎಂದಳು. ಬಿಗಿಯಾದರೆ ಗಟ್ಟಿ ಎಂದುಕೊಂಡೇ ಬೆಳೆದವಳು ನಾನು. ಬೆರಳಿಗೆ ಗೊತ್ತಿರುವುದನ್ನು ಬೆರಳಿನಿಂದ ಬಿಡಿಸುವುದು ಎಷ್ಟು ಕಷ್ಟ ಗೊತ್ತಾ? ಎಂಟು ತಿಂಗಳು ಹಿಡಿಯಿತು. ಈಗಲೂ ಪ್ರತಿ ಗಂಟಿಗೆ "ಪೋಲೆ ಪೋಲೆ" ಎಂದು ಅವಳ ಭಾಷೆಯಲ್ಲಿ ಹೇಳಿಕೊಳ್ಳುತ್ತೇನೆ. ನಿಧಾನ, ನಿಧಾನ.

ಕೂದಲಿನ ಪ್ಯಾಕೆಟ್ ಮೊದಲ ಸಲ ನಾನೇ ಒಡೆದ ದಿನ ಒಂದು ತಮಾಷೆಯಾಯಿತು. ಮೇಲೆ ಇಂಡಿಯಾದ ಕೂದಲು ಎಂದು ಬರೆದಿತ್ತು. ನಮ್ಮ ಹಿತ್ತಿಲ ಗೋಡೆಯ ತೂತಿನಲ್ಲಿ ನೀವೂ ಅಮ್ಮನೂ ಬಾಚಿ ಉದುರಿದ ಕೂದಲನ್ನು ಉಂಡೆ ಕಟ್ಟಿ ಸಿಕ್ಕಿಸಿಡುತ್ತಿದ್ದಿರಲ್ಲ, ಕೂದಲು ಕೊಳ್ಳುವವನು ಬಂದರೆ ಅದಕ್ಕೊಂದು ಸ್ಟೀಲ್ ಲೋಟ. ಅದು ಎಲ್ಲಿಗೆ ಹೋಗುತ್ತದೆಂದು ನಾವು ಒಮ್ಮೆಯಾದರೂ ಕೇಳಿದ್ದೆವಾ? ಇದು ಯಾವ ಊರಿನ ಯಾವ ಹೆಂಗಸು ಎಣ್ಣೆ ಹಾಕಿ ಬೆಳೆಸಿದ್ದೋ, ಹರಕೆಗೆ ಕೊಟ್ಟದ್ದೋ, ಅಕ್ಕಿಗೆ ಕೊಟ್ಟದ್ದೋ, ಕಡಲು ದಾಟಿ ಇನ್ನೊಬ್ಬಳ ನೆತ್ತಿಯ ಮೇಲೆ ಕೂರುತ್ತದೆ. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ನೀಮಾ ನಗುತ್ತಾ, ಸತ್ತವರದ್ದು ಎಂದು ಹೆದರಿಕೆಯಾ ಎಂದು ಕೇಳಿದಳು. ಇಲ್ಲ, ಬದುಕಿರುವವರದ್ದು ಎಂದು ಹೆದರಿಕೆ ಎಂದೆ.

ಕನಸು ಕಂಡ ಆ ದಿನ ನಾಲ್ಕಕ್ಕೆ ಸರಿಯಾಗಿ ರಹ್ಮಾ ಬಂದಳು. ಮೂವತ್ತರ ಮೇಲಿನ ಹೆಂಗಸು, ಶಾಲೆಯೊಂದರಲ್ಲಿ ಟೀಚರ್, ಅದರ ಮುಂದಿನ ಗುರುವಾರ ಅವಳ ಮದುವೆ ಇತ್ತು. ಶಾಲು ತೆಗೆದು ಕುರ್ಚಿಯಲ್ಲಿ ಕೂತು, ನಾವು ಕೇಳುವ ಮೊದಲೇ ಕೂದಲು ಸರಿಸಿ ತೋರಿಸಿದಳು. ಕಿವಿಯ ಮೇಲೆ ಎರಡು ಬೆರಳು ಇಟ್ಟರೆ ಮುಚ್ಚುವಷ್ಟು ಜಾಗ. ನುಣ್ಣಗೆ, ಹೊಳೆಯುವ ಹಾಗೆ. ಹೊರಗೆ ಯಾರಿಗೂ ಕಾಣುವುದಿಲ್ಲ, ಮದುವೆಯ ದಿನ ಹೆಂಗಸರ ಸಭಾಂಗಣದಲ್ಲಿ ತಲೆ ತೆರೆದು ಕೂರಬೇಕಲ್ಲ ಎಂದಳು. ಅವರ ಧರ್ಮದಲ್ಲಿ ಕೆಲವರು ಕೂದಲಿಗೆ ಕೂದಲು ಸೇರಿಸುವುದು ಬೇಡ ಎನ್ನುತ್ತಾರೆ ಎಂದು ಕೇಳಿದ್ದೆ, ಆ ಹೆದರಿಕೆಯನ್ನೂ ಬಾಯಿಬಿಟ್ಟೆ. "ಅದು ನನ್ನದು, ನಾನು ನೋಡಿಕೊಳ್ತೇನೆ. ನೀನು ನಿನ್ನ ಸೂಜಿ ನೋಡಿಕೋ" ಎಂದಳು ಅವಳು. ಹಿಂದಿ ಚೆನ್ನಾಗಿ ಬರುತ್ತದೆ. ಎಲ್ಲಿ ಕಲಿತದ್ದು ಎಂದೆ. ಬಾತಿನಾ ಕರಾವಳಿಯ ಕಡೆಯವಳು, ಸುವೈಕಿನಲ್ಲಿ ಎಲ್ಲರಿಗೂ ಬರುತ್ತದೆ ಎಂದಳು.

ನನ್ನ ಕೈಯಿಂದ ಬಾಚಣಿಗೆ ಬಿತ್ತು. ನೀಮಾ ಎತ್ತಿಕೊಂಡು ನನ್ನನ್ನೇ ನೋಡಿದಳು. ಕೇಳಬೇಕೋ ಬೇಡವೋ... ಜಡೆಗಳು ಮುಗಿಯುವವರೆಗೆ ನೀಮಾಳಿಗೆ ಎಳೆ ಬಿಡಿಸಿ ಕೊಡುತ್ತಾ ನಿಂತೆ. ಆ ಬೋಳು ಜಾಗದ ಹತ್ತಿರ ಬಂದಾಗ ನೀಮಾಳ ಕೈ ಎಷ್ಟು ಹಗುರವಾಯಿತೆಂದರೆ, ಮಲಗಿದ ಮಗುವಿನ ಉಗುರು ಕತ್ತರಿಸುವವರ ಹಾಗೆ. ಜಾಗವನ್ನು ಮುಟ್ಟದೆ ಸುತ್ತು ಬಳಸಿ ಜಡೆ ಹಾಕಿದಳು, ಬಲೆ ಮಾತ್ರ ಅದರ ಮೇಲೆ ಬಂತು. ಆಮೇಲೆ ನಾನು ತಡೆಯಲಾರದೆ ಕೇಳಿದೆ, ಇದು ಹೇಗಾಯಿತು ಎಂದು. ಸುವೈಕಿನಲ್ಲಿ ಔಷಧಿ ಅಂಗಡಿಯ ಮೇಲೆ ಒಂದು ಪಾರ್ಲರ್ ಇತ್ತು, ಅಕ್ಕನ ಮದುವೆಗೆ ಕ್ರೀಮ್ ಹಾಕಿಸಲು ಹೋಗಿದ್ದೆ ಎಂದಳು. ನಾನು ಕುರ್ಚಿಯ ಹಿಂದೆ ನಿಂತು ನಿಮ್ಮ ಹೆಸರು ಹೇಳಿದೆ. ಅವರು ನನ್ನ ಅಮ್ಮನ ತಂಗಿ, ರಹ್ಮಾ ಬಂದಳಾ ಎಂದು ಕೇಳುತ್ತಲೇ ತೀರಿಹೋದರು ಎಂದೆ. ನೀಮಾ ಓಡುತ್ತಿದ್ದ ಡ್ರೈಯರ್ ನಿಲ್ಲಿಸಿದಳು.

ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ನೀವು ಕೇಳದೆ ಹೋದ ಬೈಗುಳವನ್ನು ನಾನಾದರೂ ಕೇಳಬೇಕಲ್ಲ?

"ಹೆಸರು ನನಗೆ ಗೊತ್ತಿಲ್ಲ" ಎಂದಳು ರಹ್ಮಾ. "ಆ ದಿನ ನನ್ನ ಉಮ್ಮ ಕಿರುಚಿದಳು, ಅಕ್ಕ ಅತ್ತಳು. ಆ ಹೆಂಗಸು ಮಾತ್ರ ಗಾಡಿ ಬರುವವರೆಗೆ ನನ್ನ ತಲೆಗೆ ಬಾಯಿಂದ ಊದುತ್ತಾ ನಿಂತಿದ್ದಳು. ಉಸಿರು ಸಾಲದೆ ಗೋಡೆ ಹಿಡಿದುಕೊಂಡು ಮತ್ತೆ ಊದಿದಳು. ನನಗೆ ನೋವಿಗಿಂತ ಅದೇ ನೆನಪಿದೆ."

ಆಮೇಲೆ, ಸತ್ತವರಿಗೆ ಅವರು ಕೇಳಿಕೊಳ್ಳುವ ದುವಾ ಮೆಲ್ಲಗೆ ಹೇಳಿದಳು. ನೀಮಾ ಸೂಜಿಗೆ ದಾರ ಪೋಣಿಸಿದ್ದಳು. ರಹ್ಮಾ ಕೈ ಎತ್ತಿ ಅವಳನ್ನು ತಡೆದು ನನಗೆ ಹೇಳಿದಳು: "ನೀನು ಹೊಲಿ."

ಮೂರೂವರೆ ಗಂಟೆ ಹೊಲಿದೆ, ಮಾವ್ಶಿ. ಗಂಟಿಗೊಮ್ಮೆ ನೋವಾಗುತ್ತಾ ಎಂದು ಕೇಳಿ ಕೇಳಿ ಅವಳಿಗೆ ಬೇಜಾರು ಬಂತು, ನೋವಾದರೆ ನಾನೇ ಕಿರುಚುತ್ತೇನೆ, ನೀನು ಉಸಿರಾಡು ಎಂದಳು. ಮುಗಿದ ಮೇಲೆ ಹುಬ್ಬು ಎತ್ತಿಸಿದೆ, ನಗಿಸಿದೆ, ತಲೆ ಬಗ್ಗಿಸಿದೆ. ಎಲ್ಲೂ ಹಿಡಿಯಲಿಲ್ಲ. ಅವಳು ಕನ್ನಡಿಗೆ ಹತ್ತಿರ ಹೋಗಿ ಹೊಸ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಎಲ್ಲ ಹೆಂಗಸರೂ ದಿನಕ್ಕೆ ನೂರು ಸಲ ಮಾಡುವ ಕೆಲಸ. ಅವಳು ಹದಿನಾಲ್ಕು ವರ್ಷದಿಂದ ಮಾಡಿರಲಿಲ್ಲ. ಸರಿಸಿದಳು, ಮುಂದಕ್ಕೆ ಬಿಟ್ಟಳು, ಮತ್ತೆ ಸರಿಸಿದಳು. ನಾನು ನೋಡುತ್ತಲೇ ನಿಂತೆ. ನಮ್ಮ ಕೈಯಿಂದ ಇಂಥದ್ದೂ ಆಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಿನ್ನೆ ಅವಳ ವಾಯ್ಸ್ ಮೆಸೇಜ್ ಬಂತು. ಮದುವೆಯಲ್ಲಿ ಕುಣಿದು ಕುಣಿದು ಚಪ್ಪಲಿ ಕಿತ್ತು ಹೋಯಿತಂತೆ, ಕೂದಲಿಗೆ ಏನೂ ಆಗಲಿಲ್ಲವಂತೆ. ಆರು ವಾರದ ಮೇಲೆ ಬಿಚ್ಚಲು ಬರುತ್ತಾಳೆ. ಜಾಗದ ಸುತ್ತ ಒಂದೇ ಒಂದು ಕೂದಲು ಕಡಿಮೆಯಾಗಿದ್ದರೂ ಮತ್ತೆ ಹೊಲಿಯುವುದಿಲ್ಲ, ನಿಮ್ಮಾಣೆ.

ಇಷ್ಟು ಬರೆದು ಕಾಗದ ಮಡಚಬೇಕಿತ್ತು. ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಸುವೈಕ್ ಸರಿ, ಅಕ್ಕನ ಮದುವೆ ಸರಿ, ಕ್ರೀಮ್ ಸರಿ. ಊದಿದ್ದನ್ನು ನೀವು ಒಮ್ಮೆಯೂ ಹೇಳಿರಲಿಲ್ಲ, ಅದು ನಿಮ್ಮ ಸ್ವಭಾವ, ಇರಲಿ. ಆದರೆ ನೀವು ಯಾವಾಗಲೂ ಎಡಗಿವಿ ಎನ್ನುತ್ತಿದ್ದಿರಿ. ಈ ರಹ್ಮಾಳದು ಬಲಗಿವಿ. ನಾನು ಅವಳಿಗೆ ಹೇಳಲಿಲ್ಲ, ನೀಮಾಳಿಗೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಕನ್ನಡಿಯ ಮುಂದೆ ಪ್ಲಾಸ್ಟಿಕ್ ತಲೆ ಇಟ್ಟು, ಅದರ ಹಿಂದೆ ನಿಂತು ನೋಡಿದೆ. ಕನ್ನಡಿಯಲ್ಲಿ ಕಂಡ ಮುಖವನ್ನು ಎದುರಿಗೆ ಕೂತ ಮುಖ ಎಂದು ನೆನಪಿಟ್ಟುಕೊಂಡರೆ ಬಲ ಎಡವಾಗುತ್ತದೆ. ನೀವು ಹಾಗೆ ನೆನಪಿಟ್ಟುಕೊಂಡಿದ್ದರೆ ಸರಿ, ಇವಳೇ ಅವಳು. ಹಾಗಲ್ಲದಿದ್ದರೆ ಇನ್ನೊಬ್ಬಳು ಎಲ್ಲೋ ಇದ್ದಾಳೆ, ನಾನು ಬಾಗಿಲು ತೆರೆದು ಕಾಯಬೇಕು. ನಿಮಗೀಗ ಕೆಲಸದ ಗಡಿಬಿಡಿ ಇಲ್ಲ. ಆ ಮಧ್ಯಾಹ್ನವನ್ನು ಇನ್ನೊಂದು ಸಲ ಸರಿಯಾಗಿ ನೋಡಿ, ಮಾವ್ಶಿ. ಅವಳು ಉರಿಯುತ್ತಿದೆ ಎಂದಾಗ ನೀವು ಅವಳ ಮುಖವನ್ನು ನೋಡಿದ್ದು ನೇರವಾಗಿಯೋ, ಕನ್ನಡಿಯಲ್ಲೋ?