ಗುಹೆ ಕರಡಿಯ ಕೋರೆಹಲ್ಲು

ಮಾರ್ಚ್ ೧೧, ಮಂಗಳವಾರ

ಹೂಳೆತ್ತುವ ಸಾಹೇಬರಿಗೆ,

ನಮಸ್ಕಾರ. ನಿಮ್ಮ ಹಡಗು, ಅದರ ಕೆಮ್ಮುವ ಎಂಜಿನ್ನು, ನಿಮ್ಮ ಸೊಂಟ, ಮೂರೂ ಒಂದು ಹದದಲ್ಲಿವೆ ಅಂದುಕೊಂಡಿದ್ದೇನೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಕೆಲಸವೇ ಕಾರಣ ಅನ್ನಬಹುದು, ಅರ್ಧ ನಿಜವೂ ಹೌದು. ಉಳಿದದ್ದು ಸುಸ್ತು. ಈಚೆಗೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ನನ್ನ ದಿನ ಮುಗಿದಿರುತ್ತದೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ಫೋನಿನಲ್ಲಿ ನೀವು ‘ಹ್ಞೂಂ’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಕಾಗದವಾದರೆ ಕೊನೆಯವರೆಗೂ ಓದಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ.

ಮೊದಲು ಮನೆಯ ಸುದ್ದಿ. ಅಪ್ಪ ಆರಾಮಾಗಿದ್ದಾರೆ. ಕಿವಿಗೆ ಮೆಷಿನ್ನು ಹಾಕಿಕೊಳ್ಳಿ ಅಂದರೆ, ‘ಕೇಳೋ ಅಂಥ ಮಾತು ಈ ಮನೇಲಿ ಯಾರಾಡ್ತಾರೆ?’ ಅನ್ನುತ್ತಾರೆ. ತಪ್ಪು ಹೇಳುವಂತಿಲ್ಲ. ಇರುವವರೇ ಇಬ್ಬರು, ಅದರಲ್ಲಿ ಒಬ್ಬಳು ಬಂದ ಕೂಡಲೇ ಹಾಸಿಗೆ ಹುಡುಕುತ್ತಾಳೆ. ಅಡುಗೆಮನೆಯ ನಲ್ಲಿ ನೀವು ಹೋಗುವಾಗ ಹೇಗೆ ತೊಟ್ಟಿಕ್ಕುತ್ತಿತ್ತೋ ಈಗಲೂ ಹಾಗೇ ತೊಟ್ಟಿಕ್ಕುತ್ತಿದೆ. ಹಡಗಿನ ಮೆಕ್ಯಾನಿಕ್ಕನ ಮನೆಯ ನಲ್ಲಿ ಅಂತ ಹೇಳಿಕೊಳ್ಳಲು ನಾಚಿಕೆ. ಹಿಂದಿನ ಕೋಣೆಯ ಕಿಟಕಿ ಮಳೆಗೆ ಉಬ್ಬಿ ಮುಚ್ಚಲು ಬರುತ್ತಿಲ್ಲ, ಆ ಕೋಣೆಗೆ ನಾನು ಹೋಗುವುದೂ ಅಪರೂಪ. ನಾವು ಪಿಟೀಲು ಅಂತ ಕರೆಯುತ್ತಿದ್ದ ಮಗ ತೀರಿಕೊಂಡ ಮೇಲೆ ನೀವು ಬಂದರಿನ ಕೆಲಸ ಕೇಳಿ ಹಾಕಿಸಿಕೊಂಡು ಹೊರಟಿರಿ, ನಾನು ಆ ಬಾಗಿಲು ಎಳೆದುಕೊಂಡೆ. ನಮ್ಮ ಕಾಗದಗಳಲ್ಲಿ ಮಗನ ಮಾತು ಬರಬಾರದು ಅನ್ನುವುದು ನಾವಿಬ್ಬರೂ ಬಾಯಿಬಿಟ್ಟು ಆಡದೆಯೇ ಮಾಡಿಕೊಂಡ ಕರಾರು. ಈಗಲೂ ಎತ್ತುವುದಿಲ್ಲ, ಹೆದರಬೇಡಿ.

ಇನ್ನು ಲ್ಯಾಬಿನ ಸುದ್ದಿ. ನಿಮ್ಮ ಹೆಂಡತಿಯ ಕೆಲಸ ಸತ್ತ ಕರಡಿಗಳ ಹಲ್ಲು ಕೊರೆಯುವುದು ಅಂತ ನಿಮ್ಮ ಹಡಗಿನವರಿಗೆಲ್ಲ ಹೇಳಿ ನಗಿಸುತ್ತೀರಂತೆ. ನಗಿಸಿ. ನನ್ನ ರೋಗಿಗಳು ಸತ್ತು ಹತ್ತಾರು ಸಾವಿರ ವರ್ಷವಾಗಿದೆ, ಅವರಿಗೂ ಬೇಜಾರಿಲ್ಲ. ಗುಹೆ ಕರಡಿ ಅನ್ನುವ ಜಾತಿಯೇ ಭೂಮಿಯಿಂದ ಅಳಿದುಹೋಗಿದೆ. ಆದರೂ ಇವತ್ತು ಕಾಡಿನಲ್ಲಿ ಓಡಾಡುವ ಕಂದು ಕರಡಿಯ ಡಿಎನ್‌ಎ ಓದಿದರೆ ಅದರಲ್ಲಿ ಒಂದು ಸಣ್ಣ ಪಾಲು ಗುಹೆ ಕರಡಿಯದು. ಎಂದೋ ಎರಡು ಜಾತಿಗಳೂ ಕೂಡಿದ್ದವು, ಮರಿಗಳು ಹುಟ್ಟಿದ್ದವು, ಆ ಮರಿಗಳು ಬದುಕಿ ತಾವೂ ಮರಿ ಹಾಕಿದ್ದವು. ಇದು ಹಳೆಯ ಸುದ್ದಿ. ನಮ್ಮ ಮೇಡಮ್ಮಿಗೆ ಬೇಕಾದದ್ದು ಇದರ ತಿರುವುಮುರುವು: ಗುಹೆ ಕರಡಿಯೊಳಗೂ ಕಂದು ಕರಡಿ ಇತ್ತೇ ಅಂತ. ಅದಕ್ಕಾಗಿ ಒಂದು ಕೋರೆಹಲ್ಲು ತರಿಸಿದರು, ಅಪ್ಪ ಕೆಲಸ ಮಾಡುತ್ತಿದ್ದ ಮ್ಯೂಸಿಯಮ್ಮಿನ ನೆಲಮಾಳಿಗೆಯಿಂದಲೇ. ಆ ಹಲ್ಲು ಬಂದ ಗುಹೆಯಲ್ಲಿ ಸಿಕ್ಕಿದ್ದರಲ್ಲಿ ಕೊರೆಯಲು ಯೋಗ್ಯವಾಗಿ ಉಳಿದದ್ದು ಅದೊಂದೇ.

ಕೊರೆಯುವ ಕೋಣೆಗೆ ಹೋಗಬೇಕೆಂದರೆ ಎರಡು ಪದರದ ಅಂಗಿ, ಎರಡು ಜೊತೆ ಕೈಗವಸು, ಮಾಸ್ಕು, ಮೇಲೊಂದು ಮುಖಕವಚ. ಮೂಗಿಗೆ ತುರಿಕೆ ಬಂದರೆ ಸುಮ್ಮನೆ ಸಹಿಸಿಕೊಳ್ಳಬೇಕು. ನಮ್ಮ ಎಂಜಲಿನ ಒಂದು ಹನಿ ಸಿಡಿದರೆ ಸಾಕು, ಕರಡಿಯದು ಮುಳುಗಿ ನಮ್ಮದೇ ತೇಲುತ್ತದೆ. ಅದಕ್ಕೇ ಕೆಲಸದವರೆಲ್ಲರ ಡಿಎನ್‌ಎಯನ್ನೂ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ, ಯಾರ ಕೊಳೆ ಅಂತ ಹಿಡಿಯಲು. ಹೋದ ವಾರ ಫಲಿತಾಂಶ ಬಂತು, ಹಲ್ಲಿನ ತುಂಬ ಮನುಷ್ಯ! ಅದೂ ನನ್ನ ಜೊತೆ ತಾಳೆಯಾಗುವ ಮನುಷ್ಯ.

ಮೇಡಂ ಕರೆದು ಬಾಗಿಲು ಹಾಕಿಕೊಂಡರು. ‘ಮಾಸ್ಕ್ ಜಾರಿತ್ತಾ? ಸುಸ್ತಾಗಿದ್ರೆ ಹೇಳಬಾರದಿತ್ತಾ? ಬೇರೆ ಯಾರನ್ನಾದ್ರೂ ಹಾಕ್ತಿದ್ದೆ. ಸ್ವಲ್ಪ ದಿನ ಸ್ಟೋರ್ ರೂಮ್ ನೋಡ್ಕೊಳ್ಳಿ,’ ಅಂದರು. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಕನಿಕರ ತೋರಿಸಿದರು ನೋಡಿ, ‘ಆಯ್ತು ಮೇಡಂ’ ಅಂದುಬಿಟ್ಟೆ. ನನ್ನ ಕೈಯಿಂದ ಈವರೆಗೆ ಒಂದು ಮೂಳೆಯೂ ಕೆಟ್ಟಿಲ್ಲ. ಆದರೂ ಅವತ್ತು, ಇರಬಹುದೇನೋ, ಈ ಸುಸ್ತಿನಲ್ಲಿ ಎಲ್ಲೋ ಕೆಮ್ಮಿದೆನೇನೋ ಅಂತ ನನಗೇ ಅನ್ನಿಸತೊಡಗಿತು. ಕೊರೆಯುವ ಕೋಣೆಯೊಂದೇ ನನಗೆ ಉಳಿದಿರುವ ನೆಮ್ಮದಿಯ ಜಾಗ ಅಂತ ನಿಮಗೆ ಗೊತ್ತಲ್ಲ.

ಅಷ್ಟರಲ್ಲಿ ಗೂಬೆ ಬಾಗಿಲು ತಟ್ಟಿ ಒಳಗೆ ಬಂದ. ಕಂಪ್ಯೂಟರಿನ ಲೆಕ್ಕ ನೋಡುವವನು. ದುಂಡು ಕನ್ನಡಕ, ಅದರ ಹಿಂದೆ ಇನ್ನೂ ದುಂಡು ಕಣ್ಣು. ಎಲ್ಲರೂ ಗೂಬೆ ಅನ್ನುತ್ತೇವೆ, ಅವನಿಗೂ ಬೇಸರವಿಲ್ಲ. ‘ಮೇಡಂ, ಇದು ಅಕ್ಕ ಅಲ್ಲ,’ ಅಂದ. ‘ಇದು ಗಂಡಸು. ಆದ್ರೆ ಅರ್ಧ ಅಕ್ಕನೇ. ಇದು ಹೊಸ ಎಂಜಲೂ ಅಲ್ಲ, ವರ್ಷಗಳ ಹಿಂದೇನೇ ಬೇರಿನ ಕಡೆಯಿಂದ ಒಳಗಿಳಿದಿದೆ.’

ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಮೇಲೆ ನನಗೆ ನಗು ತಡೆಯಲಾಗಲಿಲ್ಲ. ಇನ್ಯಾರು, ಅಪ್ಪ! ಅವರ ಚಾಳಿ ನಿಮಗೆ ಗೊತ್ತೇ ಇದೆ. ಮಣ್ಣಿನಿಂದ ಬಂದ ಚೂರು ಕಲ್ಲೋ ಮೂಳೆಯೋ ತಿಳಿಯದಿದ್ದರೆ ನಾಲಿಗೆ ತಾಗಿಸಿ ನೋಡುತ್ತಿದ್ದರು. ಹಳೆಯ ಮೂಳೆ ನಾಲಿಗೆಗೆ ಅಂಟುತ್ತದೆ, ಕಲ್ಲು ಅಂಟುವುದಿಲ್ಲ. ಆ ಮ್ಯೂಸಿಯಮ್ಮಿನ ಅರ್ಧ ಮೂಳೆಗಳ ರುಚಿ ಅವರಿಗೆ ಗೊತ್ತು. ಇದನ್ನು ಹೇಳಿದ್ದೇ ತಡ, ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಕ್ಷಮೆ ಕೇಳಿದರು, ತಾವೇ ಹೋಗಿ ಟೀ ತಂದರು. ಗೂಬೆ ಮಾತ್ರ ನಗಲಿಲ್ಲ. ಅವನು ಯಾವುದಕ್ಕೂ ತಡವಾಗಿ ನಗುವ ಗಿರಾಕಿ ಅಂತ ನಾನೂ ಬಿಟ್ಟೆ.

ಮನುಷ್ಯನ ಎಳೆ, ಕರಡಿಯ ಎಳೆ ಬೇರೆ ಮಾಡಲು ಬರುತ್ತದಾದ್ದರಿಂದ ಹಲ್ಲು ಬಚಾವಾಯಿತು, ನನ್ನ ಕೆಲಸವೂ. ಮೇಡಮ್ಮಿಗೆ ಬೇಕಾಗಿದ್ದ ಉತ್ತರವೂ ಸಿಕ್ಕಿತು: ಈ ಗುಹೆ ಕರಡಿಯೊಳಗೆ ಕಂದು ಕರಡಿ ಇತ್ತು. ‘ಅಳಿದುಹೋಯ್ತು ಅನ್ನೋ ಮಾತನ್ನ ಇನ್ಮೇಲೆ ಯೋಚನೆ ಮಾಡಿ ಆಡ್ಬೇಕು ಕಣ್ರೀ,’ ಅಂತ ಎಲ್ಲರಿಗೂ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಊಟಕ್ಕೆ ಕೂತಾಗ ಅಪ್ಪನ ಕಿವಿಯ ಹತ್ತಿರ ಹೋಗಿ ಕೂಗಿದೆ, ‘ಅಪ್ಪಾ, ಆ ಕರಡಿ ಹಲ್ಲು ನೆಕ್ಕಿದ್ರಾ?’ ಅವರಿಗೆ ಎಲ್ಲಿತ್ತೋ ಸಿಟ್ಟು. ‘ಹಲ್ಲನ್ನ ಯಾಕೆ ನೆಕ್ಕಲಿ? ಹಲ್ಲು ಅಂತ ಕಣ್ಣಿಗೇ ಕಾಣಲ್ವಾ? ಗುರುತು ಸಿಗದೇ ಇರೋ ಚೂರಿಗೆ ಮಾತ್ರ ನಾಲಿಗೆ. ನನ್ನನ್ನ ಏನಂದುಕೊಂಡಿದೀಯ ನೀನು?’ ಅಂದರು. ಆಮೇಲೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡರು.

ಇಷ್ಟು ಸುದ್ದಿ. ಎಂಜಿನ್ನಿನ ಶಾಖದಿಂದ ನೇರ ಗಾಳಿಗೆ ಹೋಗಿ ನಿಲ್ಲಬೇಡಿ, ಸೊಂಟಕ್ಕೆ ಆಗುವುದಿಲ್ಲ. ಊಟ ಬಿಡಬೇಡಿ. ‘ಅಳಿಯನಿಗೆ ನನ್ನ ಆಶೀರ್ವಾದ ಅಂತ ಬರಿ, ಪಕ್ಕದಲ್ಲೇ ನಲ್ಲಿ ಅಂತಾನೂ ಬರಿ,’ ಅಂದಿದ್ದಾರೆ ಅಪ್ಪ. ಎರಡನ್ನೂ ಬರೆದಿದ್ದೇನೆ. ನಿಮಗೆ ಒಳ್ಳೆಯದಾಗಲಿ.

ನಿಮ್ಮ
ಮೂಳೆಯವಳು

ತಾ.ಕ.: ಕವರಿಗೆ ಹಾಕಿ ಅಂಟಿಸಲು ಹೋದೆ, ಆಗಲಿಲ್ಲ. ಎತ್ತುವುದಿಲ್ಲ ಅಂದಿದ್ದ ಮಾತನ್ನು ಎತ್ತುತ್ತಿದ್ದೇನೆ.

ಅವತ್ತು ಗೂಬೆ ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದ. ‘ಅಕ್ಕಾ, ಎಲ್ಲರ ಮುಂದೆ ಹೇಳೋಕಾಗ್ಲಿಲ್ಲ. ತಾಯಿಯಿಂದ ಮಾತ್ರ ಬರೋ ಭಾಗ ಇದೆಯಲ್ಲ, ಅದೂ ನಿಮ್ಮದೇ ಇದೆ,’ ಅಂದ. ನಿಮಗೆ ಬಿಡಿಸಿ ಹೇಳುತ್ತೇನೆ. ಅಪ್ಪನಿಗೆ ಆ ಭಾಗ ಬಂದದ್ದು ಅವರ ತಾಯಿಯಿಂದ, ನನಗೆ ಬಂದದ್ದು ನನ್ನ ಅಮ್ಮನಿಂದ. ಎರಡೂ ಬೇರೆ ಬೇರೆ. ಹಾಗಾಗಿ ಅದು ಅಪ್ಪ ಅಲ್ಲ. ನನ್ನಿಂದ ಅದು ಹೋಗಿರುವುದು ಒಬ್ಬನಿಗೇ.

ಅಪ್ಪನನ್ನು ನಾನು ಮತ್ತೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ತಾವಾಗಿಯೇ ಕಿವಿಗೆ ಮೆಷಿನ್ನು ಹಾಕಿಕೊಂಡು ಬಂದು ಹೇಳಿದರು. ‘ಸ್ಕೂಲಿಗೆ ರಜ ಅಂತ ಕೆಲಸಕ್ಕೆ ಕರ್ಕೊಂಡು ಹೋಗಿದ್ದೆ. ಆ ಹಲ್ಲನ್ನ ಬೇರಿನ ಕಡೆಯಿಂದ ಬಾಯಿಗೆ ಸಿಕ್ಕಿಸ್ಕೊಂಡು ಮೇಜಿನ ಕೆಳಗೆ ಕರಡಿಯಾಗಿ ಕೂತಿದ್ದ. ಊಟದ ಹೊತ್ತಿಗೂ ಉಗುಳಲಿಲ್ಲ. ಖುಷಿಯಾಗಿದಾನೆ ಅಂತ ನಾನೂ ಬಿಟ್ಟೆ.’

ಗುಹೆ ಕರಡಿಗೆ ಮರಿಗಳಿದ್ದವು, ಉಳಿಯಿತು. ನಮ್ಮವನು ಎರಡನೇ ಕ್ಲಾಸು ದಾಟಲಿಲ್ಲ. ಅವನು ಉಳಿದಿದ್ದು ಆ ಹಲ್ಲಿನ ಬೇರಿನಲ್ಲಿ, ನಾನು ಅದನ್ನು ಕೊರೆದು ಪುಡಿ ಮಾಡಿದ್ದೇನೆ. ಈಗ ಗೂಬೆಯ ಕಂಪ್ಯೂಟರಿನಲ್ಲಿದ್ದಾನೆ. ಅರ್ಧ ಅಕ್ಕನೇ ಅಂದನಲ್ಲ, ಉಳಿದರ್ಧ ನೀವು.

ಮನುಷ್ಯರದು ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ, ಅಳಿಸಬೇಕು ಅನ್ನುವುದು ನಮ್ಮಲ್ಲಿ ನಿಯಮ. ಮನೆಯವರು ಕೇಳಿದರೆ ಒಂದು ಪ್ರತಿ ಕೊಡಬಹುದು. ‘ಏನ್ ಮಾಡ್ಲಿ ಅಕ್ಕಾ?’ ಅಂತ ಗೂಬೆ ಕೇಳಿದ. ‘ಸ್ವಲ್ಪ ದಿನ ತಡಿ,’ ಅಂದೆ.

ಆಸ್ಪತ್ರೆಯಲ್ಲಿ ಡಾಕ್ಟರೂ ಹೀಗೇ ಕೇಳಿದ್ದರು, ಉಸಿರಿನ ಮೆಷಿನ್ನು ತೆಗೆಯೋಣವೇ, ತಂದೆತಾಯಿ ಹೇಳಬೇಕು ಅಂತ. ‘ಕಾರು ತಪ್ಪು ಜಾಗದಲ್ಲಿ ನಿಲ್ಲಿಸಿದೀನಿ, ತೆಗೆದಿಟ್ಟು ಬರ್ತೀನಿ,’ ಅಂತ ನೀವು ಕೆಳಗೆ ಹೋದಿರಿ. ನಾನು ಕಿಟಕಿಯಿಂದ ನೋಡಿದೆ. ಕಾರು ಸರಿಯಾದ ಜಾಗದಲ್ಲೇ ಇತ್ತು, ನೀವು ಅದರೊಳಗೆ ಕೂತಿದ್ದಿರಿ. ಡಾಕ್ಟರು ಪಾಪ, ಬಹಳ ಹೊತ್ತು ಕಾದರು. ಕೊನೆಗೆ ನಾನೊಬ್ಬಳೇ ಹ್ಞೂಂ ಅಂದೆ. ಅವತ್ತಿನಿಂದ ನಿಮ್ಮ ಮೇಲೆ ಸಿಟ್ಟಿದೆ. ಅದನ್ನು ಹೊತ್ತು ಹೊತ್ತು ಸುಸ್ತಾಗಿದೆ.

ಗೂಬೆ ತಿಂಗಳ ಕೊನೆಯವರೆಗೆ ಕಾಯುತ್ತಾನಂತೆ. ಇಟ್ಟುಕೊಳ್ಳೋಣ ಅನ್ನಿ, ಅಳಿಸಲಿ ಅನ್ನಿ, ನೀವು ಯಾವುದಂದರೂ ನಾನು ಜಗಳವಾಡುವುದಿಲ್ಲ. ಆದರೆ ಈ ಸಲ ನಾನೊಬ್ಬಳೇ ಹೇಳುವುದಿಲ್ಲ. ಗೂಬೆಯ ಕೋಣೆ ಲ್ಯಾಬಿನ ಮೂರನೇ ಮಹಡಿಯಲ್ಲಿದೆ. ಕಾರು ಎಲ್ಲಿ ಬೇಕಾದರೂ ನಿಲ್ಲಿಸಿ. ಮೇಲೆ ಬನ್ನಿ.